ಸೀರೆಯ ತುಂಡು ಬಸ್ಸಿನಲ್ಲಿ ಬಂತು: ಪುಟ್ಟಿಯೊಂದಿಗೆ ಮಲೆನಾಡಿನಲ್ಲಿ ಏಳು ದಿನ

ಮೊದಲ ದಿನ: ಬೆಂಗಳೂರಿನಿಂದ ಹಾನುಬಾಳಿನ ಕಡೆಗೆ

ದಸರಾ ರಜೆಯ ಜನಸಂದಣಿ ಕರಗಿದ ಮೇಲೆ, ಅಕ್ಟೋಬರ್ ತಿಂಗಳ ನಡುವಿನ ಒಂದು ಸೋಮವಾರ ಬೆಳಗಿನ ಐದೂವರೆಗೆ, ನಿದ್ದೆಯಲ್ಲಿದ್ದ ಮಗಳನ್ನು ಹಾಸಿಗೆಯಿಂದ ಎತ್ತಿ ನೇರವಾಗಿ ಕಾರಿನ ಹಿಂಬದಿಯಲ್ಲಿ ಬಿಗಿದಿದ್ದ ಅವಳ ಪುಟ್ಟ ಆಸನದಲ್ಲಿ ಕೂರಿಸಿ ಹೊರಟೆವು. ಪುಟ್ಟಿಗೆ ಆಗ ಎರಡು ವರ್ಷ ಮೂರು ತಿಂಗಳು. ಜೊತೆಯಲ್ಲಿ ನನ್ನ ಪತಿ ಮತ್ತು ಅರವತ್ತನಾಲ್ಕು ವರ್ಷದ ನನ್ನ ಅಮ್ಮ. ಅಮ್ಮನ ಹಳೆಯ ನೂಲಿನ ಸೀರೆಯಿಂದ ಹರಿದ ಮೊಳದುದ್ದದ ತುಂಡೊಂದು ಪುಟ್ಟಿಯ ಮುಷ್ಟಿಯಲ್ಲಿತ್ತು. ಅದನ್ನು ಅವಳು ‘ಚೀಯೆ’ ಎನ್ನುತ್ತಾಳೆ. ಅದರ ಅಂಚನ್ನು ಬೆರಳಿಗೆ ಸುತ್ತಿಕೊಂಡು ಮೂಗಿನ ಹತ್ತಿರ ಹಿಡಿಯದೆ ಅವಳಿಗೆ ನಿದ್ದೆ ಬರುವುದಿಲ್ಲ.

ಮಲೆನಾಡಿಗೆ ಎಳೆಯ ಮಗುವನ್ನು ಯಾವ ಕಾಲದಲ್ಲಿ ಕರೆದೊಯ್ಯಬೇಕು ಎಂಬ ಮಾತು ಮನೆಯಲ್ಲಿ ಎರಡು ತಿಂಗಳು ನಡೆದಿತ್ತು. ಮುಂಗಾರಿನಲ್ಲಿ ಘಟ್ಟದ ರಸ್ತೆಗಳ ಮೇಲೆ ಮಣ್ಣು ಕುಸಿಯುವ ಭಯ. ಡಿಸೆಂಬರ್ ಕಳೆದು ಕಾಡು ಒಣಗತೊಡಗಿದರೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಬೇಸಿಗೆಯ ತಿಂಗಳುಗಳಲ್ಲಿ ಮಲೆನಾಡಿನ ಊರುಗಳಲ್ಲಿ ಮರಳಿ ಮರಳಿ ಕಾಣಿಸಿಕೊಳ್ಳುತ್ತ ಬಂದಿದೆ. ಎಲೆ ಮಣ್ಣಿನ ಮೇಲೆಯೇ ಕೂತು ಆಡುವ ಮಗುವಿರುವಾಗ ಅದನ್ನು ಹಗುರವಾಗಿ ಎಣಿಸಲು ನನಗೆ ಮನಸ್ಸಾಗಲಿಲ್ಲ. ಅಕ್ಟೋಬರಿನಲ್ಲಿ ಮಳೆ ಪೂರ್ತಿ ನಿಂತಿರುವುದಿಲ್ಲ, ಆದರೂ ಹಗಲಲ್ಲಿ ಬಿಸಿಲು ಬೀಳುತ್ತದೆ, ಹಳ್ಳಗಳು ತುಂಬಿರುತ್ತವೆ. ಇಂಬಳಗಳಂತೂ ಇದ್ದೇ ಇರುತ್ತವೆ. ಅವಕ್ಕೆ ಸಿದ್ಧರಾಗಿಯೇ ಹೋದೆವು.

ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್. ನಾವಿಬ್ಬರೇ ಇದ್ದಾಗ ಒಮ್ಮೆ ಮಾತ್ರ ನಿಂತು ಮುಗಿಸುತ್ತಿದ್ದ ದಾರಿಯದು. ಈ ಸಲ ಒಂದೂವರೆ ಗಂಟೆಗೊಮ್ಮೆ ಕಾರು ನಿಲ್ಲಿಸಿ ಮಗುವನ್ನು ಕಾಲು ಗಂಟೆಯಾದರೂ ನೆಲದ ಮೇಲೆ ನಡೆಸಬೇಕೆಂದು ಮೊದಲೇ ತೀರ್ಮಾನಿಸಿದ್ದೆವು. ಕುಣಿಗಲ್ ದಾಟುವವರೆಗೆ ಅವಳು ಮಲಗಿಯೇ ಇದ್ದಳು, ಆದ್ದರಿಂದ ನಸುಕಿನಲ್ಲಿ ಹೊರಟದ್ದು ಸಾರ್ಥಕವಾಯಿತು. ಚನ್ನರಾಯಪಟ್ಟಣದ ಆಸುಪಾಸಿನಲ್ಲಿ, ತೆನೆ ಬಿಟ್ಟಿದ್ದ ರಾಗಿ ಹೊಲಗಳ ನಡುವೆ ಒಂದು ಕೆರೆಯ ಏರಿ ಕಂಡು ನಿಂತಾಗ, ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಕಂಬಳಿಯ ಮಡಿಲಿನಿಂದ ನಾಲ್ಕು ದಿನದ ಮರಿಯೊಂದನ್ನು ಇಳಿಸಿ ಅವಳ ಮುಂದೆ ಬಿಟ್ಟರು. ಕಾಲು ಗಂಟೆ ಮುಕ್ಕಾಲು ಗಂಟೆಯಾಯಿತು. ಮರಿಯನ್ನು ಬಿಟ್ಟು ಬರುವುದಿಲ್ಲವೆಂದು ಅವಳು ಅಳತೊಡಗಿದಾಗ ಆ ಹಿರಿಯರು, “ಅದಕ್ಕೂ ಅವ್ವ ಬೇಕಲ್ಲವೇನವ್ವ, ನೋಡು ಕರೀತಾ ಇದೆ” ಎಂದು ತಾಯಿಕುರಿಯನ್ನು ತೋರಿಸಿದರು. ಆ ಒಂದು ಮಾತಿಗೆ ಅಳು ನಿಂತಿತು. ಮುಂದಿನ ಏಳು ದಿನ ನಾನೂ ಅದೇ ಮಾತನ್ನು ನಾಯಿಮರಿ, ಕೋಳಿಮರಿ, ಕರು ಎಲ್ಲದರ ಮುಂದೆಯೂ ಬಳಸಿದೆ.

ಹಾಸನ ಕಳೆದು ಆಲೂರಿನ ಹೊತ್ತಿಗೆ ಗಾಳಿ ಬದಲಾಗುತ್ತದೆ. ತೆಂಗಿನ ತೋಟಗಳು ಹಿಂದುಳಿದು, ರಸ್ತೆಯ ಎರಡೂ ಕಡೆ ಸಿಲ್ವರ್ ಓಕ್ ಮರಗಳೂ ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳೂ ಕೆಳಗೆ ಕಾಫಿ ಗಿಡಗಳೂ ಶುರುವಾಗುತ್ತವೆ. ಸಕಲೇಶಪುರದಲ್ಲಿ ಕೆಂಪಗೆ ಹರಿಯುತ್ತಿದ್ದ ಹೇಮಾವತಿಯನ್ನು ಕಣ್ತುಂಬ ನೋಡಿ ಮೂಡಿಗೆರೆ ರಸ್ತೆ ಹಿಡಿದು, ಹಾನುಬಾಳಿನ ಬಳಿಯ ಹೋಂಸ್ಟೇ ತಲುಪುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು.

ಹಂಚಿನ ಮಾಡು, ನಡುವೆ ತೊಟ್ಟಿ, ಮುಂದೆ ಕಾಫಿ ಒಣಗಿಸುವ ವಿಶಾಲವಾದ ಕಣ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಇಬ್ಬರಿಗೂ ಅರವತ್ತರ ಮೇಲೆ ವಯಸ್ಸು. ಸಾಮಾನು ಇಳಿಸುವ ಮೊದಲು ನನ್ನ ಪತಿ ಮನೆಯ ಸುತ್ತ ಒಂದು ಸುತ್ತು ಹಾಕಿ ಬಂದರು. ತೋಟದ ಮನೆಗಳಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಿರುತ್ತವೆ, ಅವಕ್ಕೆ ಬೇಲಿ ಇರುವುದಿಲ್ಲ, ಜಾರುವ ಅಂಚಿನಿಂದ ದೊಡ್ಡವರಿಗೂ ಮೇಲೆ ಬರಲಾಗುವುದಿಲ್ಲ. ಇಲ್ಲಿಯೂ ಕಣದ ಹಿಂದೆ ಅಂಥದೊಂದು ಹೊಂಡವಿತ್ತು. ಮನೆಯೊಡೆಯರು ನಮ್ಮ ಮುಖ ನೋಡಿಯೇ ಅರ್ಥ ಮಾಡಿಕೊಂಡು, ಆ ಕಡೆಯ ಬಾಗಿಲಿಗೆ ನಾವಿರುವಷ್ಟು ದಿನವೂ ಬೀಗ ಹಾಕಿಸಿದರು. ಮಗುವಿನೊಂದಿಗೆ ಹೋಗುವವರು ಕೋಣೆ ನೋಡುವುದಕ್ಕಿಂತ ಮೊದಲು ಬಾವಿ, ಹೊಂಡ, ನಾಯಿ ಈ ಮೂರನ್ನು ನೋಡಿಕೊಳ್ಳುವುದು ಒಳ್ಳೆಯದು.

ಊಟಕ್ಕೆ ಅಕ್ಕಿ ರೊಟ್ಟಿ, ಹುರುಳಿ ಸಾರು. ಖಾರದ ವಿಷಯ ನಾನು ಫೋನಿನಲ್ಲಿ ಹೇಳಿದ್ದೆನಾದರೂ ಪುಟ್ಟಿಗೆಂದು ಬೇರೆಯೇ ಅಡುಗೆ ಆಗಿರುತ್ತದೆ ಎಂದುಕೊಂಡಿರಲಿಲ್ಲ: ಮೆತ್ತಗೆ ಬೆಂದ ಅನ್ನ, ಅಂಗಳದಲ್ಲಿ ಕಿತ್ತ ಒಂದೆಲಗದ ತಂಬುಳಿ, ಮೇಲೆ ತುಪ್ಪ. ಮನೆಯಲ್ಲಿ ಸೊಪ್ಪು ಕಂಡರೆ ಬಾಯಿ ಬಿಗಿಯುವ ಮಗು ಎರಡು ಸಲ ಹಾಕಿಸಿಕೊಂಡು ತಿಂದಿತು.

ಸಂಜೆ ಆರರ ಹೊತ್ತಿಗೆ ಮನೆಯೊಡೆಯರ ಮೊಬೈಲಿಗೆ ಒಂದು ಸಂದೇಶ ಬಂತು. ಕಾಡಾನೆಗಳು ಪಕ್ಕದ ತೋಟಕ್ಕೆ ಇಳಿದಿವೆ, ಯಾರೂ ಹೊರಗೆ ತಿರುಗಬಾರದು ಎಂದು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ಈ ಭಾಗದಲ್ಲಿ ಅದು ದಿನನಿತ್ಯದ ಬದುಕೇ ಆಗಿಹೋಗಿದೆ. ಕಣದ ದೀಪಗಳನ್ನೆಲ್ಲ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ತೊಟ್ಟಿಯ ಸುತ್ತ ಕೂತೆವು. ಜೀರುಂಡೆಯ ಸದ್ದಿನ ನಡುವೆ ದೂರದಲ್ಲೆಲ್ಲೋ ಬೈನೆ ಮರವೊಂದು ಮುರಿದು ಬಿದ್ದ ಶಬ್ದ ಕೇಳಿತು. ಕಳೆದ ವರ್ಷ ಒಂದೇ ರಾತ್ರಿಯಲ್ಲಿ ಬಾಳೆಯೂ ಗದ್ದೆಯೂ ಹೋದದ್ದನ್ನು, ಬೆಳಗ್ಗೆ ಕೆಲಸದವರನ್ನು ತೋಟಕ್ಕೆ ಕಳಿಸುವಾಗ ಜೀವ ಕೈಯಲ್ಲಿ ಹಿಡಿದಂತಿರುವುದನ್ನು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಅವರ ಹೆಂಡತಿ ಮಾತ್ರ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ತುಟಿಯ ಮೇಲೆ ಬೆರಳಿಟ್ಟು, “ಶ್... ಆನೆ ಊಟ ಮಾಡ್ತಾ ಇದೆ. ಸದ್ದು ಮಾಡಬಾರದು” ಎಂದರು. ಪುಟ್ಟಿ ತನ್ನ ತುಟಿಯ ಮೇಲೂ ಬೆರಳಿಟ್ಟಳು. ಅಷ್ಟು ಹೊತ್ತು ಅವಳು ಸುಮ್ಮನೆ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಎರಡನೆಯ ದಿನ: ಮಂಜರಾಬಾದ್ ಕೋಟೆ, ಮತ್ತು ಕಣ

ಬೆಳಗ್ಗೆ ಆನೆಗಳು ದಾಟಿ ಹೋದ ಸುದ್ದಿ ಬಂದ ಮೇಲೆ ಮಂಜರಾಬಾದ್ ಕೋಟೆಗೆ ಹೊರಟೆವು. ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಆರು ಕಿಲೋಮೀಟರ್ ಹೋದರೆ ಹೆದ್ದಾರಿಯ ಪಕ್ಕದಲ್ಲೇ ಗುಡ್ಡದ ಮೇಲೆ ಇದೆ. ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆಯ ಕೆಲಸ 1792ರಲ್ಲಿ ಮುಗಿಯಿತು. ಎಂಟು ಮೂಲೆಗಳ ನಕ್ಷತ್ರದ ಆಕಾರ ಇದರದು, ಫ್ರೆಂಚರ ಕೋಟೆಗಳ ಮಾದರಿ. ಎಲ್ಲ ಮೂಲೆಗಳಿಂದಲೂ ಪಕ್ಕದ ಗೋಡೆಯ ಮೇಲೆ ಕಣ್ಣಿಡಬಹುದು, ಹಾಗಾಗಿ ಗೋಡೆಯ ಬುಡಕ್ಕೆ ಬಂದ ಶತ್ರುವಿಗೆ ಅಡಗಲು ಎಡೆಯೇ ಇಲ್ಲ. ಮಂಜು ಮುಸುಕುತ್ತಿದ್ದುದರಿಂದ ಈ ಹೆಸರು ಬಂತೆಂದು ಊರವರು ಹೇಳುತ್ತಾರೆ; ನಾವು ಹೋದ ಹೊತ್ತಿಗೂ ಮಂಜಿತ್ತು.

ಸುಮಾರು 250 ಮೆಟ್ಟಿಲು. ಪುಟ್ಟಿ ಎರಡೂ ಕಾಲನ್ನು ಒಂದೇ ಮೆಟ್ಟಿಲ ಮೇಲೆ ಊರಿ, ಉಸಿರು ಬಿಟ್ಟು, ಮುಂದಿನದಕ್ಕೆ ಹೋಗುವ ತನ್ನ ಕ್ರಮದಲ್ಲಿ ನಲವತ್ತರವರೆಗೆ ತಾನೇ ಹತ್ತಿದಳು. ಉಳಿದವನ್ನು ಅಪ್ಪನ ಹೆಗಲ ಮೇಲೆ ಹತ್ತಿದಳು. ಅಮ್ಮ ನಡುವೆ ಮರದ ನೆರಳಿನಲ್ಲಿ ಕೂತುಬಿಟ್ಟರು. ಮೊಣಕಾಲು ನೋವಿರುವವರು ಇಳಿಯುವಾಗಿನ ಕಷ್ಟವನ್ನು ಮೊದಲೇ ಲೆಕ್ಕ ಹಾಕಬೇಕು. ಕೋಟೆಯ ಗೋಡೆಯ ಮೇಲೆ ನಡೆದರೆ ನಕ್ಷತ್ರದ ಆಕಾರ ತಿಳಿಯುತ್ತದೆ, ಆದರೆ ಅಲ್ಲಿ ಆಸರೆಯ ಕಂಬಿ ಇಲ್ಲ, ಹಾಸು ಪಾಚಿಗಟ್ಟಿತ್ತು. ನಾವಿಬ್ಬರೂ ಸರದಿಯ ಮೇಲೆ ಹೋಗಿ ಬಂದೆವು. ಪುಟ್ಟಿ ಕೋಟೆಯ ನಡುವಿನ ಮೆಟ್ಟಿಲುಬಾವಿಯ ಹತ್ತಿರ ನನ್ನ ಕೈ ಹಿಡಿದು ನಿಂತು ಕಪ್ಪೆಗಳ ಸದ್ದು ಕೇಳಿದಳು. ಅಷ್ಟರಲ್ಲಿ ಮಂಜು ಹರಿದು, ಪಶ್ಚಿಮಕ್ಕೆ ಒಂದರ ಹಿಂದೊಂದು ಬೆಟ್ಟದ ಸಾಲು ಕಂಡಿತು, ಐದೇ ನಿಮಿಷದಲ್ಲಿ ಮತ್ತೆ ಮುಚ್ಚಿತು.

ಬೇರೆ ಎರಡು ಜಾಗಗಳನ್ನೂ ಅಂದೇ ನೋಡುವ ಯೋಚನೆ ನಮಗಿತ್ತು. ಮಧ್ಯಾಹ್ನ ಮಗು ಮಲಗಿ ಎದ್ದ ಮೇಲೆ ಅದನ್ನು ಕೈಬಿಟ್ಟೆವು, ಆ ಬಗ್ಗೆ ಈಗಲೂ ಪಶ್ಚಾತ್ತಾಪವಿಲ್ಲ. ಕೊಯ್ಲು ಇನ್ನೂ ಶುರುವಾಗದ ಕಾರಣ ಕಣ ಖಾಲಿಯಾಗಿತ್ತು. ಅರೇಬಿಕಾ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಕೆಂಪಾಗಿತ್ತು, ರೊಬಸ್ಟಾ ಎಲ್ಲ ಇನ್ನೂ ಹಸಿರು. ಮನೆಯೊಡೆಯರು ಒಂದು ಹಣ್ಣು ಹಿಸುಕಿ, ಸಿಹಿ ಲೋಳೆಯೊಳಗಿನ ಎರಡು ಬೀಜಗಳನ್ನು ಪುಟ್ಟಿಯ ಅಂಗೈಯಲ್ಲಿಟ್ಟರು. ಮಾರ್ಚ್ ಏಪ್ರಿಲಿನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನದೊಳಗೆ ಇಡೀ ತೋಟ ಬಿಳಿಯಾಗುವುದನ್ನೂ, ಆ ಪರಿಮಳ ಮಲ್ಲಿಗೆಯಂತೆ ಮನೆಯೊಳಗೆಲ್ಲ ತುಂಬುವುದನ್ನೂ, ಆ ಒಂದು ಮಳೆ ತಪ್ಪಿದರೆ ವರ್ಷದ ಬೆಳೆಯೇ ತಪ್ಪುವುದನ್ನೂ ಹೇಳುತ್ತ ಅವರು ಆಕಾಶದ ಕಡೆ ನೋಡಿದ ರೀತಿ ನನಗೆ ನೆನಪಿದೆ.

ರಾತ್ರಿ ಊಟದಲ್ಲಿ ‘ಚೀಯೆ’ಯ ಮೇಲೆ ಸಾರು ಚೆಲ್ಲಿತು. ಮಗು ಮಲಗಿದ ಮೇಲೆ ಮನೆಯೊಡತಿ ಅದನ್ನು ತೊಳೆದು ಬಚ್ಚಲ ಹಂಡೆಯ ಒಲೆಯ ಪಕ್ಕದ ಹಗ್ಗದ ಮೇಲೆ ಹರವಿದರು.

ಮೂರನೆಯ ದಿನ: ಕೊಟ್ಟಿಗೆಹಾರದ ಮೇಲಿಂದ ಕಳಸಕ್ಕೆ

ಕಳಸ ಇಲ್ಲಿಂದ ನೂರು ಕಿಲೋಮೀಟರ್ ಕೂಡ ಇಲ್ಲ. ಆದರೂ ಅರ್ಧ ದಿನ ಅದಕ್ಕೆಂದೇ ಇಟ್ಟಿದ್ದೆವು. ಮೂಡಿಗೆರೆಯಲ್ಲಿ ಪೆಟ್ರೋಲ್ ತುಂಬಿಸಿ, ಸ್ವಲ್ಪ ನಗದು ತೆಗೆದುಕೊಂಡು, ಚಾರ್ಮಾಡಿ ಘಟ್ಟದ ಹೆಬ್ಬಾಗಿಲಾದ ಕೊಟ್ಟಿಗೆಹಾರದಲ್ಲಿ ತಿಂಡಿಗೆ ನಿಂತೆವು. ಇಲ್ಲಿಯ ನೀರುದೋಸೆಗೆ ಹೆಸರಿದೆ. ಕಾವಲಿಯಿಂದ ಇಳಿದ ಕೂಡಲೇ ಮಡಿಸಿ ತಟ್ಟೆಗೆ ಹಾಕಿದ ದೋಸೆ ಕರವಸ್ತ್ರದಷ್ಟು ತೆಳ್ಳಗಿತ್ತು. ಪುಟ್ಟಿ ಮೂರು ತಿಂದಳು, ಮೇಲೆ ಒಂದು ಲೋಟ ಹಾಲು ಕುಡಿದಳು. ಆ ಹಾಲು ನಮ್ಮ ತಪ್ಪು.

ಕೊಟ್ಟಿಗೆಹಾರದಿಂದ ಬಾಳೂರು, ಕೆಳಗೂರಿನ ಮೇಲೆ ಕಳಸಕ್ಕೆ ಹೋಗುವ ರಸ್ತೆ ನಾನು ಕಂಡ ಅತ್ಯಂತ ಸುಂದರವಾದ ರಸ್ತೆಗಳಲ್ಲಿ ಒಂದು. ಒಂದು ತಿರುವಿನಲ್ಲಿ ಕತ್ತಲೆಯಂಥ ಶೋಲಾ ಕಾಡು, ಮುಂದಿನ ತಿರುವಿನಲ್ಲಿ ಬಾಚಿದಂತಿರುವ ಹುಲ್ಲುಗಾವಲಿನ ಬೆಟ್ಟ, ಅದರ ಬೆನ್ನಿನ ಮೇಲಿಂದ ಬಿಳಿ ಗೆರೆಯಾಗಿ ಇಳಿಯುವ ಹೆಸರಿಲ್ಲದ ಝರಿಗಳು. ತಿರುವುಗಳಿಗೆ ಮಾತ್ರ ಕೊನೆಯೇ ಇಲ್ಲ. ಕೆಳಗೂರಿನ ಟೀ ತೋಟ ಕಾಣಿಸುತ್ತಿದ್ದಂತೆ ಪುಟ್ಟಿಯ ಮುಖ ಬಿಳುಚಿತು, ನಾವು ಕಾರು ಬದಿಗೆ ಹಚ್ಚುವಷ್ಟರಲ್ಲಿ ತಿಂದದ್ದೆಲ್ಲ ಅವಳ ಮೈಮೇಲೂ ಆಸನದ ಮೇಲೂ ಬಂತು. ಬದಲಿ ಬಟ್ಟೆಗಳೆಲ್ಲ ಹಿಂದಿನ ಡಿಕ್ಕಿಯಲ್ಲಿ, ದೊಡ್ಡ ಪೆಟ್ಟಿಗೆಯ ತಳದಲ್ಲಿದ್ದವು. ಘಟ್ಟ ಹತ್ತುವ ಒಂದು ಗಂಟೆ ಮೊದಲಿನಿಂದ ಹಾಲು ಕೊಡಬಾರದು, ಒಂದು ಜೊತೆ ಬಟ್ಟೆ, ಟವೆಲ್, ನೀರಿನ ಬಾಟಲಿ, ನಾಲ್ಕು ಚೀಲಗಳು ಕಾಲ ಬಳಿಯೇ ಇರಬೇಕು ಎಂಬುದನ್ನು ಆ ರಸ್ತೆಯ ಬದಿಯಲ್ಲಿ ನಿಂತು ಕಲಿತೆವು.

ಟೀ ಗಿಡಗಳ ಸಾಲಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ಹೆಂಗಸರ ಗುಂಪು ನಮ್ಮನ್ನು ನೋಡಿತು. ಅವರಲ್ಲೊಬ್ಬ ಹಿರಿಯ ಹೆಂಗಸು ಊಟ ಬಿಟ್ಟೆದ್ದು ನೀರಿನ ಕೊಡ ಹಿಡಿದು ಬಂದರು, ಇನ್ನೊಬ್ಬಳು ಓಡಿ ಹೋಗಿ ತೋಟದ ಕೆಲಸಗಾರರ ಲೈನಿನ ಮನೆಯ ಹಿತ್ತಲಿನಿಂದ, ನಿಂಬೆಯ ಜಾತಿಯ ಹೇರಳೆಯ ನಾಲ್ಕು ಎಲೆ ಕಿತ್ತು ತಂದಳು. ಎಲೆಯನ್ನು ಅಂಗೈಯಲ್ಲಿ ಹೊಸಕಿ ಮಗುವಿನ ಮೂಗಿಗೆ ಹಿಡಿದಾಗ ಅವಳು ಅಳು ನಿಲ್ಲಿಸಿ ಆಳವಾಗಿ ಉಸಿರೆಳೆದಳು. ಅದು ಔಷಧವೋ ಪರಿಮಳದ ಅಚ್ಚರಿಯೋ, ಮುಂದಿನ ದಾರಿಯುದ್ದಕ್ಕೂ ಅವಳು ಆ ಎಲೆಯನ್ನು ಬಿಡಲಿಲ್ಲ. ಹಿರಿಯ ಹೆಂಗಸು ನನ್ನ ಅಮ್ಮನೊಂದಿಗೆ ಮಾತಿಗೆ ಕೂತರು. ಮದುವೆಯಾಗಿ ಈ ತೋಟಕ್ಕೆ ಬಂದಾಗಿನಿಂದ ಚಿಗುರು ಕೀಳುತ್ತಿದ್ದಾರಂತೆ; ತಮ್ಮ ಮಕ್ಕಳಿಬ್ಬರನ್ನೂ ಇದೇ ಸಾಲಿನ ಕೊನೆಯ ಮರಕ್ಕೆ ಜೋಲಿ ಕಟ್ಟಿ ಮಲಗಿಸುತ್ತಿದ್ದರಂತೆ. ಆ ಮರವನ್ನು ಕೈಯೆತ್ತಿ ತೋರಿಸಿದರು. ಅಮ್ಮ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು.

ಕಳಸದಿಂದ ಸ್ವಲ್ಪ ಒಳಗೆ, ಭದ್ರೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ನಮ್ಮ ಎರಡನೆಯ ಮನೆ. ಅಡಿಕೆ, ಕಾಫಿ, ಏಲಕ್ಕಿಯ ತೋಟದ ನಡುವೆ ಮೂರು ತಲೆಮಾರು ಒಟ್ಟಿಗಿರುವ ಕುಟುಂಬ. ರಾತ್ರಿ ಎಂಟಕ್ಕೆ ಪುಟ್ಟಿಯನ್ನು ಮಲಗಿಸಲು ಹೋದಾಗ ‘ಚೀಯೆ’ ಇರಲಿಲ್ಲ. ಹಾನುಬಾಳಿನ ಬಚ್ಚಲಿನ ಹಗ್ಗ ಆಗ ನೆನಪಾಯಿತು. ಟವೆಲ್ ಕೊಟ್ಟೆ, ನನ್ನ ದುಪಟ್ಟಾ ಕೊಟ್ಟೆ, ಅಮ್ಮ ತಾವು ಉಟ್ಟ ಸೀರೆಯ ಸೆರಗನ್ನೇ ಕೈಗಿತ್ತರು. ಎಲ್ಲವನ್ನೂ ಮೂಸಿ ನೋಡಿ ಬಿಸಾಡಿದಳು. ಹನ್ನೆರಡರವರೆಗೆ ಅತ್ತಳು. ಒಮ್ಮೆ ಕರೆಂಟೂ ಹೋಯಿತು. ಆ ಮನೆಯ ಅಜ್ಜಿ ಲಾಟೀನು ಹಿಡಿದು ಬಂದು, ಏನೂ ಕೇಳದೆ, ಮಗುವನ್ನು ಎತ್ತಿಕೊಂಡು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದರು. ಅವರ ಹೆಗಲ ಮೇಲೆ, ಹೊರಗೆ ಮಳೆ ಶುರುವಾದ ಹೊತ್ತಿಗೆ, ಅವಳು ನಿದ್ದೆ ಹೋದಳು.

ನಾಲ್ಕನೆಯ ದಿನ: ಅಂಬಾತೀರ್ಥ, ಹೊರನಾಡು, ಕಳಸದ ಬಸ್ ನಿಲ್ದಾಣ

ಬೆಳಗ್ಗೆ ಮೊಬೈಲಿಗೆ ಸಂಪರ್ಕ ಸಿಗುವ ಒಂದೇ ಜಾಗವಾದ ಅಂಗಳದ ತುಳಸಿಕಟ್ಟೆಯ ಪಕ್ಕ ನಿಂತು ಹಾನುಬಾಳಿಗೆ ಫೋನ್ ಮಾಡಿದೆ. ಅವರಿಗೆ ಆಗಲೇ ಗೊತ್ತಾಗಿತ್ತು. “ನೀವು ವಾಪಸ್ ಬರುವುದೇನೂ ಬೇಡ, ಬಸ್ಸಿಗೆ ಕೊಟ್ಟು ಕಳಿಸುತ್ತೇವೆ, ಸಂಜೆ ಕಳಸದಲ್ಲಿ ಇಳಿಸಿಕೊಳ್ಳಿ” ಎಂದರು. ಬಟ್ಟೆಯ ಒಂದು ತುಂಡನ್ನು ಎರಡು ತಾಲ್ಲೂಕು ದಾಟಿಸುವ ಮಾತನ್ನು ಅವರು ಎಷ್ಟು ಸಹಜವಾಗಿ ಆಡಿದರೆಂದರೆ, ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಅಂಬಾತೀರ್ಥದಲ್ಲಿ ಭದ್ರೆ ಬಂಡೆಗಳ ನಡುವೆ ಇಕ್ಕಟ್ಟಾಗಿ, ಕೊರೆದು ಹರಿಯುತ್ತಾಳೆ. ಅಲ್ಲಿ ಇನ್ನೊಂದು ಕಲ್ಲಿನ ಮೇಲೆ ಇಟ್ಟಂತಿರುವ ಭಾರಿ ಕಲ್ಲೊಂದಿದೆ. ಮಧ್ವಾಚಾರ್ಯರು ಅದನ್ನು ಒಂದೇ ಕೈಯಿಂದ ತಂದಿಟ್ಟರೆಂದು ಕಲ್ಲಿನ ಮೇಲೆಯೇ ಬರೆದಿದೆ. ಮಳೆಯ ನೀರಿನಿಂದ ಹೊಳೆ ಇನ್ನೂ ತುಂಬಿದ್ದರಿಂದ ಬಂಡೆಯ ಅಂಚಿಗೆ ಮಗುವನ್ನು ಒಯ್ಯಲಿಲ್ಲ. ಈ ಸುಳಿಗಳು ಮೇಲಿನಿಂದ ನೋಡುವವರಿಗೆ ತಮ್ಮ ಬಲವನ್ನು ತೋರಿಸುವುದಿಲ್ಲ. ದೂರದಿಂದಲೇ ಪುಟ್ಟಿಗೆ “ಹೊಳೆ” ಎಂದು ಹೇಳಿಕೊಟ್ಟೆ. ಕುದುರೆಮುಖದ ಕಾಡಿನ ಗಂಗಾಮೂಲದಲ್ಲಿ ತುಂಗೆ, ನೇತ್ರಾವತಿಯರ ಜೊತೆಯಲ್ಲೇ ಹುಟ್ಟಿ, ಬೇರೆಯಾಗಿ, ಶಿವಮೊಗ್ಗದ ಕೂಡಲಿಯಲ್ಲಿ ಮತ್ತೆ ತುಂಗೆಯನ್ನು ಸೇರುವ ನೀರು ಇದು. ಅಮ್ಮ ಇದನ್ನು ಅಕ್ಕ ತಂಗಿಯರ ಕಥೆಯಾಗಿ ಹೇಳಿದರು, ಪುಟ್ಟಿ ಆ ದಿನವೆಲ್ಲ “ಅಕ್ಕ ಹೊಳೆ” ಎನ್ನುತ್ತಿದ್ದಳು.

ಹೊರನಾಡು ಕಳಸದಿಂದ ಎಂಟು ಕಿಲೋಮೀಟರ್. ವಾರದ ನಡುವಿನ ದಿನವಾದ್ದರಿಂದ ಅನ್ನಪೂರ್ಣೇಶ್ವರಿಯ ದರ್ಶನ ಬೇಗ ಆಯಿತು. ಇಲ್ಲಿ ಗಂಡಸರು ಅಂಗಿ ತೆಗೆದು ಶಲ್ಯ ಹೊದೆಯಬೇಕು. ಬಂದವರಿಗೆಲ್ಲ ಊಟ ಹಾಕುವುದು ಇಲ್ಲಿಯ ಪದ್ಧತಿ. ಸಾಲಿನಲ್ಲಿ ನೆಲದ ಮೇಲೆ ಕೂತ ನೂರಾರು ಜನರ ನಡುವೆ ಪುಟ್ಟಿಗೂ ತಟ್ಟೆ ಬಂತು. ದೊಡ್ಡವರಿಗೆ ಬಡಿಸುವಂತೆಯೇ ತನಗೂ ಬಡಿಸಿದ್ದು ಅವಳಿಗೆ ಬಹಳ ಹಿಡಿಸಿರಬೇಕು. ಬೆನ್ನು ನೆಟ್ಟಗೆ ಮಾಡಿ ಕೂತು, ಸ್ವಂತ ಕೈಯಿಂದ, ಒಂದು ಅಗುಳೂ ಅಪ್ಪನಿಂದ ತಿನ್ನಿಸಿಕೊಳ್ಳದೆ ಉಂಡಳು.

ಸಂಜೆ ಐದಕ್ಕೆ ಕಳಸದ ಬಸ್ ನಿಲ್ದಾಣದಲ್ಲಿ ಕಾದು ನಿಂತೆವು. ಎದುರಿನ ಗುಡ್ಡದ ಮೇಲೆ ಕಳಸೇಶ್ವರನ ದೇವಸ್ಥಾನದ ಮೆಟ್ಟಿಲುಗಳು ಕಾಣುತ್ತಿದ್ದವು, ಹನಿ ಮಳೆ ಬೀಳುತ್ತಿತ್ತು. ಬಸ್ ಬಂದು ನಿಂತಾಗ ಕಂಡಕ್ಟರ್ ಮೊದಲು ಒಂದು ಟೈರನ್ನೂ, ಔಷಧಿ ಅಂಗಡಿಯ ಪೆಟ್ಟಿಗೆಯನ್ನೂ, ದಿನಪತ್ರಿಕೆಯ ಒಂದು ಕಟ್ಟನ್ನೂ ಇಳಿಸಿದರು. ಆಮೇಲೆ ಸುತ್ತ ನೋಡಿ, ಮಗುವನ್ನೆತ್ತಿಕೊಂಡಿದ್ದ ನಮ್ಮ ಹತ್ತಿರವೇ ನೇರವಾಗಿ ಬಂದು, ಬಾಳೆಪಟ್ಟೆಯಲ್ಲಿ ಕಟ್ಟಿದ ಕಾಗದದ ಪೊಟ್ಟಣವನ್ನು ಪುಟ್ಟಿಯ ಕೈಗೇ ಕೊಟ್ಟರು. “ಇದು ಮಗುವಿನ ಸಾಮಾನು, ಮಳೆಗೆ ನೆನೆಯಬಾರದು ಅಂತ ಹೇಳಿ ಕೊಟ್ಟಿದ್ದಾರೆ. ಮೂಡಿಗೆರೆಯಿಂದ ನನ್ನ ಸೀಟಿನ ಮೇಲೆಯೇ ಇಟ್ಟುಕೊಂಡು ಬಂದೆ” ಎಂದರು. ಒಳಗೆ ತೊಳೆದು ಮಡಿಸಿದ ‘ಚೀಯೆ’ ಇತ್ತು, ಅದರ ಜೊತೆ ಹಲಸಿನ ಹಪ್ಪಳದ ಒಂದು ಕಟ್ಟು. ಹಣ ಕೊಡಲು ಹೋದರೆ ಅವರು ಕೈ ಅಡ್ಡ ಹಿಡಿದು ಹಿಂದೆ ಸರಿದರು. ಪುಟ್ಟಿ ಅಲ್ಲೇ, ಬಸ್ಸುಗಳ ಸದ್ದಿನ ನಡುವೆ, ಅಂಚನ್ನು ಬೆರಳಿಗೆ ಸುತ್ತಿಕೊಂಡು ಮೂಗಿಗೆ ಹಿಡಿದಳು. ಒಲೆಯ ಹೊಗೆಯ ವಾಸನೆ ಅದಕ್ಕೆ ಹತ್ತಿತ್ತು. ಅದನ್ನು ಅವಳು ಒಪ್ಪಿಕೊಂಡಳು.

ಐದನೆಯ ದಿನ: ಮಳೆ

ಕುದುರೆಮುಖದ ರಸ್ತೆಯಲ್ಲಿ ಹೋಗಿ ಬರಬೇಕೆಂದಿದ್ದೆವು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಕಾಡನ್ನೂ, 2005ರ ಕೊನೆಯಲ್ಲಿ ಕಬ್ಬಿಣದ ಗಣಿಗಾರಿಕೆ ನಿಂತ ಮೇಲೆ ಖಾಲಿಯಾದ ಊರನ್ನೂ ನೋಡುವ ಆಸೆ ನನ್ನ ಪತಿಗಿತ್ತು. ಬೆಳಗಿನಿಂದ ಸುರಿದ ಮಳೆ ಅದಕ್ಕೆ ಎಡೆ ಕೊಡಲಿಲ್ಲ.

ಅಡಿಕೆ ಕೊಯ್ಲು ಆಗತಾನೆ ಶುರುವಾಗಿತ್ತು. ಜಗಲಿಯ ಒಂದು ಕಡೆ ಮನೆಯವರೂ ಕೆಲಸದವರೂ ಮೆಟ್ಟುಗತ್ತಿಗಳ ಮೇಲೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಹಿತ್ತಲಿನ ದೊಡ್ಡ ಹಂಡೆಯಲ್ಲಿ ಸುಲಿದ ಅಡಿಕೆ ಚೊಗರಿನಲ್ಲಿ, ಅಂದರೆ ಹಿಂದೆ ಅಡಿಕೆ ಬೇಯಿಸಿದ ನೀರಿನಲ್ಲಿ, ಬೇಯುತ್ತಿತ್ತು, ಅದರ ಒಗರು ವಾಸನೆ ಮನೆಯನ್ನೆಲ್ಲ ತುಂಬಿತ್ತು. ಮೇಲ್ಮುಖವಾಗಿ ನಿಂತ ಅಷ್ಟೊಂದು ಕತ್ತಿಗಳಿರುವ ಕಡೆ ಮಗುವನ್ನು ಬಿಡುವಂತಿರಲಿಲ್ಲ. ಅಜ್ಜಿ ಜಗಲಿಗೆ ಅಡ್ಡವಾಗಿ ಒಂದು ಬೆಂಚು ಎಳೆಸಿ, ಈಚೆ ಬದಿಯಲ್ಲಿ ಪುಟ್ಟಿಗೆ ಒಂದು ಬುಟ್ಟಿ ಅಡಿಕೆ ಸಿಪ್ಪೆ ಕೊಟ್ಟರು. ಅದನ್ನು ತುಂಬಿಸುವುದು, ಸುರಿಯುವುದು, ಮತ್ತೆ ತುಂಬಿಸುವುದು; ಬೆಂಗಳೂರಿನಿಂದ ಹೊತ್ತು ತಂದಿದ್ದ ಆಟಿಕೆಗಳ ಚೀಲವನ್ನು ನಾವು ತೆರೆಯಲೇ ಇಲ್ಲ.

ಮನೆಯ ಹಿರಿಯ ಮಗ ಎಲೆಚುಕ್ಕೆ ರೋಗದ ಬಗ್ಗೆ ಹೇಳಿದರು. ಕಳಸದ ಸುತ್ತಿನ ತೋಟಗಳಿಗೆ ಈ ಶಿಲೀಂಧ್ರ ರೋಗ ಕೆಲವು ವರ್ಷಗಳಿಂದ ಬಿಡದೆ ಕಾಡುತ್ತಿದೆ. ಸೋಗೆಯ ಮೇಲೆ ಕಂದು ಚುಕ್ಕೆಯಾಗಿ ಹುಟ್ಟಿ, ಚುಕ್ಕೆಗಳು ಕೂಡಿಕೊಂಡು, ಸೋಗೆಯೇ ಒಣಗಿ ಜೋತುಬೀಳುತ್ತದೆ. ಕೊಳೆರೋಗಕ್ಕಾದರೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಜ್ಜನ ಕಾಲದಿಂದ ಹೊಡೆಯುತ್ತ ಬಂದಿದ್ದಾರೆ. ಇದಕ್ಕೆ ಎಷ್ಟು ಸಲ ಔಷಧ ಹೊಡೆದರೂ ಪಕ್ಕದ ತೋಟದಿಂದ ಗಾಳಿ ಮಳೆಗೆ ಮತ್ತೆ ಬರುತ್ತದೆ, ಮರ ಹತ್ತಿ ಹೊಡೆಯುವವರೂ ಸಿಗುವುದಿಲ್ಲ. “ಹೋಂಸ್ಟೇ ಶುರು ಮಾಡಿದ್ದು ಇದರಿಂದಲೇ” ಎಂದು ಅವರು ಸುಲಿಯುತ್ತಿದ್ದ ಅಡಿಕೆಯ ಮೇಲಿಂದ ಕಣ್ಣೆತ್ತದೆ ಹೇಳಿದರು.

ಸಂಜೆ ಮಳೆ ಸ್ವಲ್ಪ ಹೊಳವಾದಾಗ ಮಗುವನ್ನು ತೋಟದ ದಾರಿಯಲ್ಲಿ ಹತ್ತು ನಿಮಿಷ ನಡೆಸಿದೆ. ಮರಳಿ ಬಂದು ಸಾಕ್ಸ್ ಬಿಚ್ಚಿದರೆ ಹಿಮ್ಮಡಿಯ ಮೇಲೆ ಬೆರಳಿನಷ್ಟು ದಪ್ಪಗಾದ ಇಂಬಳ. ನಾನು ಎಳೆಯಲು ಕೈ ಹಾಕಿದಾಗ ಅಜ್ಜಿ ತಡೆದು, ಒಂದು ಚಿಟಿಕೆ ಉಪ್ಪು ಹಾಕಿದರು; ಅದು ತಾನಾಗಿ ಉದುರಿತು. ಎಳೆದರೆ ಗಾಯ ಕೀಳುತ್ತದೆ ಎಂದರು. ಕಚ್ಚುವಾಗ ಇಂಬಳ ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಬಿಡುವುದರಿಂದ ಬಹಳ ಹೊತ್ತು ರಕ್ತ ಜಿನುಗುತ್ತಲೇ ಇರುತ್ತದೆ, ಎಳೆಯ ಕಾಲಿನ ಮೇಲೆ ಅದನ್ನು ನೋಡುವುದು ತಾಯಿಗೆ ಸುಲಭವಲ್ಲ. ತೊಳೆದು, ಒತ್ತಿ ಹಿಡಿದು, ಪಟ್ಟಿ ಕಟ್ಟಿದೆ. ಪುಟ್ಟಿಗೆ ನೋವೇ ಆಗಿರಲಿಲ್ಲ. ಉಪ್ಪಿನಲ್ಲಿ ಹೊರಳುತ್ತಿದ್ದ ಇಂಬಳವನ್ನು ನೋಡಿ, “ಅದಕ್ಕೂ ಅವ್ವ ಬೇಕು” ಎಂದಳು.

ಆರನೆಯ ದಿನ: ಇಳಿಯುವ ದಾರಿ

ಬೆಂ‌ಗಳೂರಿಗೆ ಒಂದೇ ದಿನದಲ್ಲಿ ಮುಟ್ಟುವುದು ಮಗುವಿಗೆ ಹೆಚ್ಚಾಗುತ್ತದೆಂದು ಬೇಲೂರಿನಲ್ಲಿ ತಂಗಿದೆವು. ಬೆಳಗ್ಗೆ ಹಾಲಿಲ್ಲ, ಒಂದು ಬಾಳೆಹಣ್ಣು ಮತ್ತು ಎರಡು ತುಂಡು ಕಡುಬು ಮಾತ್ರ. ಮಾಗುಂಡಿ, ಬಾಳೆಹೊನ್ನೂರಿನ ತಿರುವುಗಳನ್ನು ಹೇರಳೆ ಎಲೆಯ ಸಹಾಯದಿಂದ ಸುಖವಾಗಿ ದಾಟಿದೆವು. ಹೊರಡುವಾಗ ಅಜ್ಜಿ ಪುಟ್ಟಿಯ ಕಿವಿಯ ಹಿಂದೆ ಕಾಡಿಗೆಯ ಬೊಟ್ಟಿಟ್ಟು, ಇನ್ನೊಂದು ಕಟ್ಟು ಎಲೆ ಕೊಟ್ಟಿದ್ದರು.

ಏಳನೆಯ ದಿನ: ಬೇಲೂರು

ಕಲ್ಲು ಕಾಯುವ ಮೊದಲೇ ಚೆನ್ನಕೇಶವ ದೇವಸ್ಥಾನಕ್ಕೆ ಹೋದೆವು. ಬರಿಗಾಲಲ್ಲಿ ನಡೆಯಬೇಕಾದ್ದರಿಂದ ಮಗುವಿಗೆ ಸಾಕ್ಸ್ ಹಾಕಿದ್ದೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಈ ದೇವಸ್ಥಾನಕ್ಕೆ ನಾನು ಮೂರು ಸಲ ಬಂದಿದ್ದೇನೆ. ಮೂರು ಸಲವೂ ತಲೆಯೆತ್ತಿ ಮದನಿಕೆಯರನ್ನೇ ನೋಡಿದ್ದೆ. ಈ ಸಲ ಜಗತಿಯ ಮೇಲೆ ಕಾಲಿಟ್ಟ ಕೂಡಲೇ ಪುಟ್ಟಿ ಕೈ ಬಿಡಿಸಿಕೊಂಡು ಗೋಡೆಯ ಬುಡಕ್ಕೆ ಹೋದಳು. ಗೋಡೆಯ ಕೆಳಗಿನ ಪಟ್ಟಿಕೆಯುದ್ದಕ್ಕೂ ಆನೆಗಳ ಸಾಲು. ಒಂದು ಸೊಂಡಿಲೆತ್ತಿದೆ, ಒಂದು ತಲೆ ತಗ್ಗಿಸಿದೆ, ಇನ್ನೊಂದು ಮುಂದಿನದರ ಬಾಲಕ್ಕೆ ತಾಗುವಷ್ಟು ಹತ್ತಿರ ಬಂದಿದೆ. ನಾವು ಬಾಗಿ ನೋಡಬೇಕಾದ ಅವುಗಳ ಮುಂದೆ ಅವಳು ಕೂತರೆ ಸಾಕಿತ್ತು.

ಅವಳು ಒಂದು ಕೈಯಲ್ಲಿ ‘ಚೀಯೆ’ ಹಿಡಿದು, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟು, ನಮ್ಮ ಕಡೆ ತಿರುಗಿ “ಶ್...” ಎಂದಳು. ಅಲ್ಲಿದ್ದ ಶಾಲಾ ಮಕ್ಕಳ ಗುಂಪೊಂದು ಅವಳನ್ನು ನೋಡಿ ಮಾತು ನಿಲ್ಲಿಸಿತು. ಹಾಗೆಯೇ ಬೆರಳಿಟ್ಟುಕೊಂಡು ಒಂದೊಂದೇ ಆನೆಯ ಮುಂದೆ ನಿಂತು, ಮುಂದೆ ಸರಿದು, ಗೋಡೆಯ ಮೂಲೆ ತಿರುಗಿ ಆಚೆ ಹೋದಳು. ಅಮ್ಮ ಅವಳ ಹಿಂದೆ ಸದ್ದಾಗದಂತೆ ನಡೆದರು.